ಮೆಸೇಜ್ ಹೋಯ್ತು ಸರಿ, ಮುಟ್ಟಿತಾ? ಉತ್ತರ ತರುವ ಪೇಜರ್, ರೇಡಿಯೋ, ಲೋರಾ: ನಿಮಗೆ ಯಾವುದು

1997ರಲ್ಲಿ ನಾನು ಬೆಂಗಳೂರಿನ ಒಂದು ಪೇಜಿಂಗ್ ಕಂಪನಿಯಲ್ಲಿ ಆಪರೇಟರ್ ಆಗಿದ್ದೆ. ಪೇಜರ್ ಅಂದರೆ ರೇಡಿಯೋ ಮೂಲಕ ಬಂದ ಸಂದೇಶವನ್ನು ಪುಟ್ಟ ಪರದೆಯಲ್ಲಿ ತೋರಿಸುವ, ಜೇಬಿನಲ್ಲಿ ಇಟ್ಟುಕೊಳ್ಳುವ ಸಾಧನ. ಯಾರೋ ಫೋನ್ ಮಾಡಿ ಪೇಜರ್ ನಂಬರ್ ಹೇಳುತ್ತಿದ್ದರು, ಆಮೇಲೆ ಸಂದೇಶ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸುವುದು ನನ್ನ ಕೆಲಸ. ಕೊನೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಹೋಯ್ತಾ?" ನಮ್ಮದೂ ಒಂದೇ ಉತ್ತರ: "ಹೋಗಿದೆ."

ಸುಳ್ಳಲ್ಲ. ನಮ್ಮ ಕಡೆಯಿಂದ ಹೋಗಿರುತ್ತಿತ್ತು. ಒಂದು ರಾತ್ರಿ ಒಬ್ಬ ಹೆಂಗಸು ಒಂದು ಗಂಟೆಯಲ್ಲಿ ನಾಲ್ಕು ಸಲ ಫೋನ್ ಮಾಡಿದರು. ಗಂಡ ಚಿಕ್ಕಪೇಟೆಯ ಯಾವುದೋ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ನೆಲಮಾಳಿಗೆಯಲ್ಲಿ, ಕೆಲಸಕ್ಕಿದ್ದರು. ಮಗುವಿಗೆ ಜ್ವರ ಏರಿತ್ತು. ನಾಲ್ಕನೇ ಸಲ ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಹೋಗಿದೆ ಹೋಗಿದೆ ಅಂತೀರಲ್ಲಮ್ಮ, ಎಲ್ಲಿಗೆ ಹೋಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪೇಜರ್ ಬರೀ ಕೇಳಿಸಿಕೊಳ್ಳುತ್ತಿತ್ತು, ಮಾತಾಡುತ್ತಿರಲಿಲ್ಲ.

ಈಗ ಯಾಕೆ ಇದೆಲ್ಲ ಅಂದರೆ, ಈಚೆಗೆ ಮೂವರು ಹೆಚ್ಚುಕಮ್ಮಿ ಅದೇ ಪ್ರಶ್ನೆ ಕೇಳಿದರು. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಚಿಕ್ಕಮ್ಮನ ಮಗಳು: "ಅಕ್ಕ, ನಮ್ಮ ವಾರ್ಡಿನಲ್ಲಿ ಪೇಜರ್ ಇಟ್ಕೊಳ್ಳೋದಾ, ಆಪ್‌ಗೆ ಹೋಗೋದಾ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?" ಸಕಲೇಶಪುರದ ಕಡೆ ತೋಟ ಇರುವ ಪರಿಚಯದ ಗೌಡರೊಬ್ಬರು: ಆನೆ ಬಂದರೆ ತೋಟದ ಆಚೆ ತುದಿಯ ಆಳುಗಳಿಗೆ ತಿಳಿಸಬೇಕು, ತಿಳಿಯಿತು ಅಂತ ಇವರಿಗೂ ಗೊತ್ತಾಗಬೇಕು, ಫೋನಿಗೆ ಟವರ್ ಇಲ್ಲ. ಇನ್ನೊಬ್ಬರು ಮಲ್ಪೆಯ ಗೆಳತಿಯ ಅಣ್ಣ, ದೋಣಿಯವರು. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಲೆಕ್ಕ ಹಾಕಿದ ರೀತಿ ಮಾತ್ರ ಒಂದೇ.

ಮೊದಲು ಕೇಳಿಕೊಳ್ಳಬೇಕಾದ್ದು

ರಿಜಿಸ್ಟರ್ಡ್ ಪೋಸ್ಟಿನ ಎ.ಡಿ. ಕಾರ್ಡ್ ನೆನಪಿದೆಯಾ? ಕಾಗದ ತೆಗೆದುಕೊಂಡವರು ಸಹಿ ಹಾಕಿದರೆ ಆ ಕಾರ್ಡು ನಮಗೆ ವಾಪಸ್ ಬರುತ್ತಿತ್ತು. ಆದರೆ ಸಹಿ ಯಾರದ್ದು? ಎಷ್ಟೋ ಸಲ ಪಕ್ಕದ ಮನೆಯವರದ್ದು. ಸಂದೇಶದ ವ್ಯವಸ್ಥೆಗಳಲ್ಲೂ ಇದೇ ಗೊಂದಲ. "ಟೂ ವೇ, ಅಕ್ನಾಲೆಜ್‌ಮೆಂಟ್ ಇದೆ" ಅಂತ ಮಾರುವವರು ಹೇಳಿದರೆ ಅದಕ್ಕೆ ನಾಲ್ಕು ಅರ್ಥ ಇರಬಹುದು. ಟವರ್ ಕಳಿಸಿತು ಅನ್ನುವುದು ಒಂದು. ಸಾಧನಕ್ಕೆ ಸಿಕ್ಕಿತು ಅನ್ನುವುದು ಎರಡು. ಮನುಷ್ಯ ನೋಡಿದ ಅನ್ನುವುದು ಮೂರು. ಮನುಷ್ಯ "ಬರ್ತೀನಿ" ಅಥವಾ "ಆಗಲ್ಲ" ಅಂದ ಅನ್ನುವುದು ನಾಲ್ಕು. ಒಂದರಿಂದ ನಾಲ್ಕಕ್ಕೆ ಹೋಗುತ್ತಾ ಹೋಗುತ್ತಾ ಖರ್ಚು ಏರುತ್ತದೆ. ನಿಮಗೆ ಎಷ್ಟನೆಯದು ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಎರಡನೇ ಪ್ರಶ್ನೆ, ವಾಪಸ್ ಬರುವ ದಾರಿ ಹೇಗಿದೆ? ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಟವರ್ ಮೇಲಿನ ಟ್ರಾನ್ಸ್‌ಮಿಟರ್ ನೂರಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ಜೇಬಿನಲ್ಲಿರುವ ಸಾಧನ ಒಂದು ವ್ಯಾಟ್ ಆಸುಪಾಸಿನಲ್ಲಿ ಉತ್ತರ ಕೊಡಬೇಕು. ದೇವಸ್ಥಾನದ ಮೈಕ್ ಇಡೀ ಊರಿಗೆ ಕೇಳುತ್ತದೆ, ಊರಾಚೆಯ ಮನೆಯಿಂದ ನೀವು ಕೂಗಿದರೆ ದೇವಸ್ಥಾನಕ್ಕೆ ಕೇಳುತ್ತದಾ? ಅದಕ್ಕೇ ಕಳಿಸುವುದು ಯಾವಾಗಲೂ ಅಗ್ಗ, ಉತ್ತರ ತರಿಸುವುದು ದುಬಾರಿ. ಯಾವ ವ್ಯವಸ್ಥೆಯನ್ನೇ ನೋಡಿ, ದುಡ್ಡು ಹೋಗುವುದು ಈ ವಾಪಸ್ ದಾರಿಗೇ.

ಮೂರನೆಯದು, ಸಾಧನ ಸಿಗ್ನಲ್ ಇಲ್ಲದ ಕಡೆ ಇದ್ದರೆ ಸಂದೇಶ ಎಲ್ಲಿರುತ್ತದೆ? ಗಾಳಿಯಲ್ಲಿ ಕರಗಿ ಹೋಗುತ್ತದಾ, ಯಾರಾದರೂ ಎತ್ತಿಟ್ಟುಕೊಂಡು ಆಮೇಲೆ ಕೊಡುತ್ತಾರಾ? ನಾಲ್ಕನೆಯದು, ಉತ್ತರ ಬರದಿದ್ದರೆ ಮುಂದೇನು? ಎ.ಡಿ. ಕಾರ್ಡ್ ಬರಲಿಲ್ಲ ಅಂತ ಗೊತ್ತಾಗಿಯೂ ಯಾರೂ ಏನೂ ಮಾಡದಿದ್ದರೆ ಅದಕ್ಕೆ ದುಡ್ಡು ಕೊಟ್ಟಿದ್ದು ದಂಡ.

ಇನ್ನು ಬ್ಯಾಟರಿ, ಕಾನೂನು, ಗುಟ್ಟು, ಕರೆಂಟ್ ಹೋದರೆ ಏನು ಅನ್ನುವುದು. ಇವು ಬಂದ ಹಾಗೆ ಹೇಳುತ್ತೇನೆ.

ಕಿವಿ ಮಾತ್ರ ಇರುವ ಹಳೇ ಪೇಜರ್

ನಮ್ಮಲ್ಲಿ ಪೇಜಿಂಗ್ 1995ರಲ್ಲಿ ಶುರುವಾಯಿತು. 2003ರಲ್ಲಿ ಮೊಬೈಲ್‌ಗೆ ಬರುವ ಕರೆ ಪುಕ್ಕಟೆ ಆಗುವ ಹೊತ್ತಿಗೆ ಪೇಜರ್ ಕಥೆ ಹೆಚ್ಚುಕಮ್ಮಿ ಮುಗಿದಿತ್ತು. ಅಮೆರಿಕದ ಆಸ್ಪತ್ರೆಗಳಲ್ಲಿ, ಯುರೋಪಿನ ಅಗ್ನಿಶಾಮಕ ದಳಗಳಲ್ಲಿ ಇನ್ನೂ ಇದೆ. ಉಳಿದಿರುವುದಕ್ಕೆ ಕಾರಣವೂ ಇದೆ.

ಒಂದು ಊರಿನ ಎಲ್ಲ ಟ್ರಾನ್ಸ್‌ಮಿಟರ್‌ಗಳೂ ಒಂದೇ ಸಂದೇಶವನ್ನು ಒಂದೇ ಕ್ಷಣದಲ್ಲಿ, ಒಂದೇ ಫ್ರೀಕ್ವೆನ್ಸಿಯಲ್ಲಿ ಹೊರಡಿಸುತ್ತವೆ. ನಾಲ್ಕೂ ದಿಕ್ಕಿನಿಂದ ಬರುವ ಕಾರಣ ಕಟ್ಟಡದ ಒಳಗೂ ಮೊಬೈಲ್‌ಗಿಂತ ಚೆನ್ನಾಗಿ ನುಗ್ಗುತ್ತದೆ. ಇಪ್ಪತ್ತು ಜನರ ತಂಡವನ್ನು ಕರೆಯಬೇಕಾ? ಒಂದೇ ಸಲ ಕೂಗಿದರೆ ಸಾಕು. ಒಂದು ಸಣ್ಣ ಬ್ಯಾಟರಿ ಹಾಕಿದರೆ ತಿಂಗಳು ಬರುತ್ತದೆ. ಯಾಕೆಂದರೆ ಪೇಜರ್ ಬಹಳ ಹೊತ್ತು ನಿದ್ದೆಯಲ್ಲೇ ಇರುತ್ತದೆ. ಮೋಟೊರೋಲಾ 1993ರಲ್ಲಿ ತಂದ ಫ್ಲೆಕ್ಸ್ ಪದ್ಧತಿಯಲ್ಲಿ ನಾಲ್ಕು ನಿಮಿಷದ ಒಂದು ಸುತ್ತು, ಅದರಲ್ಲಿ 128 ತುಂಡು. ತನ್ನ ತುಂಡು ಬಂದಾಗ ಮಾತ್ರ ಪೇಜರ್ ಕಣ್ಣು ಬಿಡುತ್ತದೆ. ಜಾಸ್ತಿ ಸಲ ಏಳಿಸಿದರೆ ಸಂದೇಶ ಬೇಗ ಸಿಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ.

ಉತ್ತರದ ಲೆಕ್ಕದಲ್ಲಿ ಮಾತ್ರ ಇದಕ್ಕೆ ಸೊನ್ನೆ. ನೆಲಮಾಳಿಗೆಯಲ್ಲಿದ್ದಾಗ ಬಂದ ಸಂದೇಶ ಹೋಯಿತು ಅಂದರೆ ಹೋಯಿತು. ಗುಟ್ಟೂ ಇಲ್ಲ. ಹಳೇ ಪದ್ಧತಿಯ ಸಂದೇಶಗಳು ಯಾವ ಬೀಗವೂ ಇಲ್ಲದೆ ತೆರೆದ ಅಕ್ಷರದಲ್ಲೇ ಹಾರಾಡುತ್ತವೆ. ಕೆಲವು ಸಾವಿರ ರೂಪಾಯಿಯ ರೇಡಿಯೋ ಡಾಂಗಲ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಯಾರು ಬೇಕಾದರೂ ಓದಬಹುದು. ರೋಗಿಯ ಹೆಸರು, ಕಾಯಿಲೆ ಎಲ್ಲ.

ಮಾತಾಡದೇ ಇರುವುದೇ ಕೆಲವರಿಗೆ ಬೇಕಾದ ಗುಣ ಅನ್ನುವುದನ್ನೂ ಹೇಳಿಬಿಡುತ್ತೇನೆ. ಏನನ್ನೂ ಹೊರಡಿಸದ ಸಾಧನ ತಾನೆಲ್ಲಿದ್ದೇನೆ ಅಂತಲೂ ಹೇಳುವುದಿಲ್ಲ. ಲೆಬನಾನಿನ ಹೆಜ್ಬೊಲ್ಲಾದವರು ಫೋನ್ ಬಿಟ್ಟು ಪೇಜರ್ ಹಿಡಿದದ್ದು ಇದಕ್ಕೇ. 2024ರ ಸೆಪ್ಟೆಂಬರಿನಲ್ಲಿ ಅವು ಸಿಡಿದದ್ದು ಒಳಗೆ ಮೊದಲೇ ಸ್ಫೋಟಕ ತುಂಬಿದ್ದರಿಂದ, ಅದು ಬೇರೆಯೇ ವಿಷಯ. ಉತ್ತರ ಕೊಡುವ ಸಾಧನ ಬೇಕು ಅಂದರೆ, ಇರುವ ಜಾಗ ಹೇಳಿಕೊಡುವ ಸಾಧನವನ್ನೂ ಒಪ್ಪಿಕೊಂಡ ಹಾಗೆ.

ಬಾಯಿ ಬಂದ ಪೇಜರ್

ಅಮೆರಿಕದ ಸ್ಕೈಟೆಲ್ 1995ರಲ್ಲಿ ಎರಡೂ ಕಡೆಗೆ ಕೆಲಸ ಮಾಡುವ ಪೇಜಿಂಗ್ ಶುರು ಮಾಡಿತು. ಸಾಧನ ಮೋಟೊರೋಲಾದ ಟ್ಯಾಂಗೊ. ಒಳಗಿನ ಪದ್ಧತಿಯ ಹೆಸರು ರಿಫ್ಲೆಕ್ಸ್. ನಾವು ಇಲ್ಲಿ "ಹೋಗಿದೆ, ಹೋಗಿದೆ" ಅನ್ನುತ್ತಿದ್ದ ಹೊತ್ತಿಗೆ ಅಲ್ಲಿ ಪೇಜರ್ ತಾನೇ "ಸಿಕ್ಕಿತು" ಅನ್ನುತ್ತಿತ್ತು. ಆಮೇಲೆ ಈ ವಿಷಯ ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಕೆಲಸ ಮಾಡುವ ಬಗೆ ಚೆಂದ. ನೆಟ್‌ವರ್ಕ್ ಮೊದಲು ಎಲ್ಲ ಕಡೆ ಒಂದು ಪುಟ್ಟ ಕೂಗು ಹಾಕುತ್ತದೆ: "ಇಂಥ ನಂಬರಿನವರು ಎಲ್ಲಿದ್ದೀರಿ?" ಪೇಜರ್ "ಇಲ್ಲಿದ್ದೀನಿ" ಅನ್ನುತ್ತದೆ. ಪೂರ್ತಿ ಸಂದೇಶ ಆ ಪ್ರದೇಶದ ಟವರಿನಿಂದ ಮಾತ್ರ ಹೋಗುತ್ತದೆ. ಉಳಿದ ಟವರ್‌ಗಳು ಆ ಹೊತ್ತಿನಲ್ಲಿ ಬೇರೆಯವರ ಸಂದೇಶ ಕಳಿಸಬಹುದು. ಪೇಜರ್ ಉತ್ತರ ಕೊಡದಿದ್ದರೆ ಸಂದೇಶ ನೆಟ್‌ವರ್ಕಿನಲ್ಲೇ ಕಾಯುತ್ತದೆ. ಮನುಷ್ಯ ನೆಲಮಾಳಿಗೆಯಿಂದ ಮೇಲೆ ಬಂದಾಗ ಪೇಜರ್ ತಾನಾಗಿ ಹಾಜರಿ ಹಾಕಿ ಸಂದೇಶ ಇಳಿಸಿಕೊಳ್ಳುತ್ತದೆ. ಚಿಕ್ಕಪೇಟೆಯ ಆ ಗಂಡನಿಗೆ ಬೇಕಾಗಿದ್ದದ್ದು ಇದೇ.

ಇದಕ್ಕೆ ತೆತ್ತ ಬೆಲೆ ಏನು? ಪೇಜರಿನ ಸಣ್ಣ ದನಿ ಹಿಡಿಯಲು ಟ್ರಾನ್ಸ್‌ಮಿಟರ್‌ಗಳಿಗಿಂತ ಜಾಸ್ತಿ ರಿಸೀವರ್‌ಗಳನ್ನು ಊರ ತುಂಬ ನೆಡಬೇಕಾಯಿತು. ಬ್ಯಾಟರಿ ಬೇಗ ಇಳಿಯಿತು. ಜೊತೆಗೆ ಒಂದು ವಿಚಿತ್ರ ತೊಂದರೆ. ಸಂದೇಶ ಪೇಜರಿಗೆ ಸಿಗುತ್ತದೆ, ಆದರೆ ಅದರ ಉತ್ತರ ವಾಪಸ್ ಮುಟ್ಟುವುದಿಲ್ಲ. ಡಾಕ್ಟರು ಓದಿಕೊಂಡು ಓಡಿ ಬರುತ್ತಿರುತ್ತಾರೆ, ಕಳಿಸಿದವರ ಪರದೆಯಲ್ಲಿ "ಮುಟ್ಟಿಲ್ಲ" ಅಂತಿರುತ್ತದೆ. ಕಿವಿ ಮಾತ್ರದ ಪೇಜರ್ ಮುಟ್ಟದಿದ್ದರೂ ಮುಟ್ಟಿತು ಅನ್ನುವ ನೆಮ್ಮದಿ ಕೊಡುತ್ತದೆ. ಬಾಯಿ ಇರುವ ಪೇಜರ್ ಮುಟ್ಟಿದರೂ ಮುಟ್ಟಲಿಲ್ಲ ಅನ್ನುವ ಗಾಬರಿ ಕೊಡುತ್ತದೆ. ಎರಡರಲ್ಲಿ ಒಂದು ಆರಿಸು ಅಂದರೆ ನನ್ನ ಮತ ಗಾಬರಿಗೆ. ಗಾಬರಿಯಾದವರು ಇನ್ನೊಂದು ಫೋನ್ ಮಾಡುತ್ತಾರೆ.

ಗುಂಪಿಗೆ ಕಳಿಸುವಾಗ ಇನ್ನೊಂದು ಸಮಸ್ಯೆ. ಕೂಗುವುದು ಒಂದು ಸಲ, ಉತ್ತರ ಇಪ್ಪತ್ತು. ಇಪ್ಪತ್ತೂ ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳುವುದಿಲ್ಲ. ಸರದಿ ಹಚ್ಚಿ ಉತ್ತರ ತೆಗೆದುಕೊಳ್ಳಬೇಕು. ದೊಡ್ಡ ತಂಡ ಇರುವವರು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ಮೊಬೈಲಿಗಿಂತ ಪೇಜರ್ ಗಟ್ಟಿ ಅನ್ನುವ ಮಾತಿಗೆ ಒಂದು ತಿದ್ದುಪಡಿ. 1998ರ ಮೇ 19ರಂದು ಗ್ಯಾಲಕ್ಸಿ 4 ಅನ್ನುವ ಒಂದೇ ಉಪಗ್ರಹ ಕೆಟ್ಟಿತು. ಅಮೆರಿಕದ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಪೇಜರ್‌ಗಳು ಮೂಕವಾದವು. ಟವರ್‌ಗಳೆಲ್ಲ ಚೆನ್ನಾಗೇ ಇದ್ದವು, ಅವಕ್ಕೆ ಸಂದೇಶ ತಲುಪಿಸುತ್ತಿದ್ದ ಉಪಗ್ರಹ ಹೋಗಿತ್ತು ಅಷ್ಟೆ. ಹಾಗಾಗಿ ಟವರಿಗೆ ಸಂದೇಶ ಬರುವುದು ಹೇಗೆ, ಅದಕ್ಕೆ ಎರಡನೇ ದಾರಿ ಇದೆಯಾ ಅಂತಲೂ ಕೇಳಿ.

ಜರ್ಮನಿಯವರು ನಾಲ್ಕನೇ ಬಗೆಯ ಸಹಿಯನ್ನೇ ಮಾಡಿಕೊಂಡಿದ್ದಾರೆ. ಹೆಸ್ಸೆನ್ ರಾಜ್ಯದ ಅಗ್ನಿಶಾಮಕ ದಳದ ಸ್ವಯಂಸೇವಕರ ಹತ್ತಿರ ಟೆಟ್ರಾ ಅನ್ನುವ, ತುರ್ತು ಸೇವೆಯವರ ಡಿಜಿಟಲ್ ರೇಡಿಯೋ ಜಾಲದಲ್ಲಿ ಕೆಲಸ ಮಾಡುವ ಪೇಜರ್ ಇದೆ. ಬೆಂಕಿ ಅಂತ ಕರೆ ಬಂದರೆ "ಬರ್ತೀನಿ", "ಬರಲ್ಲ" ಅಂತ ಗುಂಡಿ ಒತ್ತುತ್ತಾರೆ. ಎಷ್ಟು ಜನ ಬರುತ್ತಿದ್ದಾರೆ ಅಂತ ಆ ಕಡೆಯವರಿಗೆ ಅಲ್ಲೇ ಗೊತ್ತಾಗುತ್ತದೆ. ಸಾಲದಿದ್ದರೆ ಪಕ್ಕದ ಊರಿನವರನ್ನು ಕರೆಯುತ್ತಾರೆ. ಸರ್ಕಾರವೇ ಜಾಲ ಕಟ್ಟಿಕೊಟ್ಟಿದ್ದರಿಂದ ಇದು ಆಯಿತು. ಒಂದು ಆಸ್ಪತ್ರೆ, ಒಂದು ತೋಟ ತನ್ನ ಖರ್ಚಿನಲ್ಲಿ ಮಾಡುವ ಕೆಲಸ ಅಲ್ಲ.

ಆಪ್, ಮತ್ತು ನನ್ನ ತಂಗಿಯ ವಾರ್ಡು

ವಾಟ್ಸಾಪ್ ಎಲ್ಲರಿಗೂ ಗೊತ್ತಿರುವ ಎ.ಡಿ. ಕಾರ್ಡ್. ಒಂದು ಬೂದು ಟಿಕ್ ಅಂದರೆ ಹೊರಟಿತು, ಎರಡು ಅಂದರೆ ಫೋನಿಗೆ ಸಿಕ್ಕಿತು, ನೀಲಿ ಅಂದರೆ ನೋಡಿದರು. ನೀಲಿಯನ್ನು ಅವರು ಆಫ್ ಮಾಡಿಟ್ಟಿರಬಹುದು. ಆಸ್ಪತ್ರೆಗಳಿಗೆ ಅಂತಲೇ ಮಾಡಿದ ಆಪ್‌ಗಳಲ್ಲಿ ಇದಕ್ಕಿಂತ ಗಟ್ಟಿ ಏರ್ಪಾಡು ಇರುತ್ತದೆ. ಫೋನ್ ಸೈಲೆಂಟ್ ಆಗಿದ್ದರೂ ಕಿರುಚುವುದು, ಮೂರು ನಿಮಿಷದಲ್ಲಿ ಒಪ್ಪಿಗೆ ಬರದಿದ್ದರೆ ಮುಂದಿನ ಡಾಕ್ಟರಿಗೆ ತಾನೇ ದಾಟಿಸುವುದು, ಯಾರು ಎಷ್ಟು ಹೊತ್ತಿಗೆ ನೋಡಿದರು ಅಂತ ದಾಖಲೆ ಇಡುವುದು. ಸಂದೇಶ ಬೇರೆಯವರು ಓದಲಾಗದ ಹಾಗೆ ಬೀಗ ಹಾಕಿಯೇ ಹೋಗುತ್ತದೆ.

ಇಂಗ್ಲೆಂಡಿನ ಸರ್ಕಾರ 2019ರಲ್ಲಿ ಲೆಕ್ಕ ಹಾಕಿದಾಗ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 1,30,000 ಪೇಜರ್ ಇದ್ದವು, ವರ್ಷಕ್ಕೆ 66 ಲಕ್ಷ ಪೌಂಡ್ ಖರ್ಚು. 2021ರ ಕೊನೆಯೊಳಗೆ ತೆಗೆಯಿರಿ ಅಂತ ಹೇಳಿತು. ಗಡುವು ದಾಟಿದ ಮೇಲೂ ಎಷ್ಟೋ ಕಡೆ ಪೇಜರ್ ಉಳಿದವು. ಹಳೇ ಗೋಡೆಯ ಒಳಗೆ ವೈಫೈ ಎಲ್ಲೆಲ್ಲಿ ಸಿಗುವುದಿಲ್ಲ ಅನ್ನುವುದು ಡ್ಯೂಟಿ ಮಾಡುವವರಿಗೆ ಗೊತ್ತು, ಆಫೀಸಿನವರಿಗಲ್ಲ.

ತಂಗಿಗೆ ಹೇಳಿದ್ದು ಇಷ್ಟು. ಹೃದಯ ನಿಂತ ರೋಗಿಗೆ ಇಡೀ ತಂಡ ಓಡಬೇಕಾದ ಕರೆಗೆ ಕಿವಿ ಮಾತ್ರದ ಪೇಜರ್ ಇಟ್ಟುಕೊಳ್ಳಿ. ಒಂದೇ ಕೂಗು, ಎಲ್ಲರಿಗೂ. ಅಲ್ಲಿ ಯಾರೂ ಟಿಕ್ ಎಣಿಸುತ್ತಾ ಕೂರುವುದಿಲ್ಲ, ಜನ ಬಂದರೋ ಇಲ್ಲವೋ ಅರ್ಧ ನಿಮಿಷದಲ್ಲಿ ಕಣ್ಣಿಗೇ ಕಾಣುತ್ತದೆ. "ಬೆಡ್ 12ರ ರಿಪೋರ್ಟ್ ಬಂದಿದೆ, ನೋಡಿ" ಅನ್ನುವಂಥ ಸಂದೇಶಕ್ಕೆ ಆಪ್. ಅಲ್ಲಿ ಉತ್ತರ ಬೇಕು, ಯಾರು ನೋಡಿದರು ಅನ್ನುವ ದಾಖಲೆ ಬೇಕು. ಎರಡೂ ಕಡೆಯ ಪೇಜರ್ ಕೊಡುತ್ತೇವೆ ಅಂತ ಯಾರಾದರೂ ಬಂದರೆ, ನಿಮ್ಮ ಊರಿನಲ್ಲಿ ಅದರ ರಿಸೀವರ್ ಎಷ್ಟಿವೆ, ಸಾಧನ ಕೆಟ್ಟರೆ ಹೊಸದು ಸಿಗುತ್ತದಾ ಅಂತ ಬರಹದಲ್ಲಿ ತೆಗೆದುಕೊಳ್ಳಿ.

"ಹಾಗಾದ್ರೆ ಎರಡೂ ಹೊರಬೇಕಾ ಅಕ್ಕ?" ಅಂದಳು. ಹೌದು ಮಾರಾಯ್ತಿ, ಎರಡೂ.

ನಮ್ಮೂರಿನ ನರ್ಸಿಂಗ್ ಹೋಮುಗಳಿಗೆ ಈ ಇಕ್ಕಟ್ಟಿಲ್ಲ. ಊರಗಲ ಹಬ್ಬಿದ ಪೇಜಿಂಗ್ ಸೇವೆಯೇ ನಮ್ಮಲ್ಲಿ ಉಳಿದಿಲ್ಲ. ಆಪ್ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಫೋನ್ ಮಾಡುವ ಒಬ್ಬ ಮನುಷ್ಯನನ್ನು ರಾತ್ರಿ ಪಾಳಿಯಲ್ಲಿ ಇಡಿ. ಅಷ್ಟು ಸಾಕು.

ಇಲ್ಲೇ ಒಂದು ಮಾತು. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲೆಲ್ಲ ಫೋನ್‌ಗಳು ಒಟ್ಟಿಗೆ ಕಿರುಚಿ ಪರೀಕ್ಷೆಯ ಎಚ್ಚರಿಕೆ ತೋರಿಸಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್. ಲಕ್ಷಗಟ್ಟಲೆ ಜನರಿಗೆ ಕ್ಷಣದಲ್ಲಿ ಮುಟ್ಟುತ್ತದೆ, ಒಬ್ಬರಿಂದಲೂ ಉತ್ತರ ಬರುವುದಿಲ್ಲ. ಉತ್ತರ ಬಿಟ್ಟುಕೊಟ್ಟರೆ ಎಷ್ಟು ವೇಗ ಸಿಗುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ.

ತೋಟದ ಗೌಡರಿಗೆ: ರೇಡಿಯೋನಾ, ಲೋರಾನಾ?

ಟವರ್ ಇಲ್ಲದ ಕಡೆ ನಮ್ಮದೇ ಜಾಲ ಕಟ್ಟಬೇಕು. ದಾರಿ ಎರಡು.

ಮೊದಲನೆಯದು ಡಿಎಂಆರ್ ಅನ್ನುವ ಡಿಜಿಟಲ್ ವಾಕಿಟಾಕಿ. ಗುಡ್ಡದ ಮೇಲೊಂದು ರಿಪೀಟರ್ (ಬಂದ ದನಿಯನ್ನು ಹಿಡಿದು ಜೋರಾಗಿ ಮತ್ತೆ ಹೊರಡಿಸುವ ಸಾಧನ), ಆಳುಗಳ ಕೈಯಲ್ಲಿ ನಾಲ್ಕೈದು ವ್ಯಾಟಿನ ಸೆಟ್. ಮಾತೂ ಆಡಬಹುದು, ಅಕ್ಷರದ ಸಂದೇಶವನ್ನೂ ಕಳಿಸಬಹುದು. ಸಂದೇಶ ಆ ಕಡೆಯ ಸೆಟ್ಟಿಗೆ ಸಿಕ್ಕಿದರೆ ಕಳಿಸಿದವರಿಗೆ ಗುರುತು ಬರುತ್ತದೆ. ಸೆಟ್ಟಿನ ದನಿ ಜೋರಾಗಿರುವುದರಿಂದ ವಾಪಸ್ ದಾರಿ ಗಟ್ಟಿ. ಬಳಸುವುದೂ ಸುಲಭ. ಆನೆ ಎದುರಿಗೆ ನಿಂತಿದ್ದಾಗ ಯಾರೂ ಅಕ್ಷರ ಕುಟ್ಟುವುದಿಲ್ಲ, ಗುಂಡಿ ಒತ್ತಿ ಕೂಗುತ್ತಾರೆ.

ಆದರೆ ಲೈಸೆನ್ಸ್ ಬೇಕು. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗದಿಂದ. ಅರ್ಜಿ ಸರಳ ಸಂಚಾರ್ ಪೋರ್ಟಲಿನಲ್ಲಿ, ಹೆಸರಿನಷ್ಟು ಸರಳ ಅಲ್ಲ. ಸೆಟ್ಟಿನ ಲೆಕ್ಕ, ದೂರದ ಲೆಕ್ಕ ನೋಡಿ ಶುಲ್ಕ. ಒಳ್ಳೇ ಸೆಟ್ಟಿಗೆ ಹತ್ತು ಸಾವಿರದ ಮೇಲೆ, ರಿಪೀಟರ್, ಆಂಟೆನಾ ಎಲ್ಲ ಸೇರಿದರೆ ಲಕ್ಷದ ಮಾತು. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ಸೆಟ್ ತಂದು ಸುಮ್ನೆ ಬಳಸೋಣ ಅಂದುಕೊಳ್ಳಬೇಡಿ. ಹಾಗೆ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿದೆ. ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ಸೆಟ್‌ಗಳೂ ಇವೆ, ಆದರೆ ಶಕ್ತಿ ಕಡಿಮೆ. ಒಂದು ಹೋಂಸ್ಟೇ ಅಂಗಳಕ್ಕೆ ಸಾಕು, ಕಣಿವೆ ದಾಟುವುದಿಲ್ಲ.

ಎರಡನೆಯದು ಲೋರಾ, ಕಡಿಮೆ ಶಕ್ತಿಯಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ ಪದ್ಧತಿ. ಅಂಗೈ ಅಗಲದ ಬೋರ್ಡು, ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದೆ. ಮೆಶ್‌ಟಾಸ್ಟಿಕ್ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಟವರಿಲ್ಲದೆ ಸಂದೇಶ ಕಳಿಸಬಹುದು. ಒಂದು ಬೋರ್ಡಿಗೆ ಸಿಕ್ಕಿದ್ದನ್ನು ಅದು ಮುಂದಿನದಕ್ಕೆ ದಾಟಿಸುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೂರು ಜಿಗಿತ, ಬೇಕಾದರೆ ಏಳರವರೆಗೆ. ನಮ್ಮಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡಿಗೆ ಲೈಸೆನ್ಸ್ ಬೇಡ, ಶಕ್ತಿಗೆ ಮಿತಿ ಇದೆ. ಕೊಳ್ಳುವಾಗ 868 ಅಥವಾ 865ರ ಬೋರ್ಡ್ ಕೇಳಿ, 433ರದ್ದು ತರಬೇಡಿ.

ಇದರ ಎ.ಡಿ. ಕಾರ್ಡನ್ನು ಹತ್ತಿರದಿಂದ ನೋಡಬೇಕು. ಒಬ್ಬರಿಗೇ ನೇರವಾಗಿ ಕಳಿಸಿದರೆ ಆ ಬೋರ್ಡೇ ಉತ್ತರ ಕೊಡುತ್ತದೆ. ಬರದಿದ್ದರೆ ಇದು ಮತ್ತೆ ಕಳಿಸಿ ನೋಡುತ್ತದೆ, ಆಮೇಲೆ ಆಗಲಿಲ್ಲ ಅಂತ ಹೇಳುತ್ತದೆ. ಇದು ನಿಜವಾದ ಸಹಿ. ಗುಂಪಿಗೆ ಕಳಿಸಿದರೆ ಹಾಗಲ್ಲ. ಪಕ್ಕದ ಯಾವುದೋ ಒಂದು ಬೋರ್ಡು ಅದನ್ನು ಮುಂದೆ ದಾಟಿಸಿದ್ದು ಕೇಳಿಸಿದರೆ ಸಾಕು, ಕಳಿಸಿದ ಬೋರ್ಡು ಸಮಾಧಾನ ಪಟ್ಟುಕೊಂಡು ಗುರುತು ತೋರಿಸುತ್ತದೆ. ಆ ಬೋರ್ಡು ನಿಮ್ಮ ಮನೆ ಮಾಡಿನ ಮೇಲಿರುವುದೇ ಆಗಿರಬಹುದು! ಪಕ್ಕದ ಮನೆಯವರ ಸಹಿ ಅಂದೆನಲ್ಲ, ಅದೇ ಇದು. "ಆನೆ ಬಂತು" ಅಂತ ಗುಂಪಿಗೆ ಹಾಕಿ ಗುರುತು ನೋಡಿ ಸುಮ್ಮನೆ ಕೂತರೆ ಅಪಾಯ. ಮುಖ್ಯವಾದ ಮೂರು ಜನಕ್ಕೆ ಬೇರೆ ಬೇರೆಯಾಗಿ ಕಳಿಸಿ.

ಮಲೆನಾಡಿನ ಮಳೆಯನ್ನೂ ಮರೆಯಬೇಡಿ. ಗುಡ್ಡದ ತುದಿಯ ಬೋರ್ಡಿಗೆ ಸೋಲಾರ್ ಹಾಕುತ್ತೀರಿ, ಜನವರಿಯಲ್ಲಿ ಎಲ್ಲ ಚಂದ. ಜುಲೈನಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ, ಸಿಲ್ವರ್ ಓಕಿನ ಎಲೆಯೆಲ್ಲ ನೆನೆದು ಸಿಗ್ನಲ್ ಕುಡಿಯುತ್ತದೆ. ದೊಡ್ಡ ಬ್ಯಾಟರಿ ಹಾಕಿ, ಆಂಟೆನಾ ಮರಕ್ಕಿಂತ ಮೇಲಿರಲಿ. ಟೆಸ್ಟ್ ಮಾಡುವುದಾದರೆ ಮಳೆಗಾಲದಲ್ಲೇ ಮಾಡಿ, ಇಂಬಳ ಕಚ್ಚಿದರೂ ಸರಿ.

ಗೌಡರಿಗೆ ನಾನು ಹೇಳಿದ್ದು ಡಿಎಂಆರ್. ಅವರ ಆಳುಗಳಲ್ಲಿ ಅರ್ಧ ಜನ ಓದುವುದಿಲ್ಲ, ಸ್ಮಾರ್ಟ್‌ಫೋನ್ ಎಲ್ಲರ ಹತ್ತಿರ ಇಲ್ಲ. ಲೈಸೆನ್ಸಿಗೆ ಓಡಾಡುವ ತಾಳ್ಮೆಯೂ ದುಡ್ಡೂ ಅವರಿಗಿದೆ. "ರೋಜರ್" ಅಂತ ವಾಪಸ್ ಹೇಳುವ ಮನುಷ್ಯನ ದನಿಗಿಂತ ಒಳ್ಳೇ ಅಕ್ನಾಲೆಜ್‌ಮೆಂಟ್ ಯಾವುದಿದೆ? ಅದೇ ಎರಡು ಎಕರೆ ಇರುವ, ಐವತ್ತು ಸಾವಿರ ಹಾಕಲಾಗದ, ಮನೆಯಲ್ಲೊಬ್ಬ ಇಂಜಿನಿಯರಿಂಗ್ ಓದುವ ಹುಡುಗ ಇರುವವರಿಗೆ ಲೋರಾ ಹೇಳುತ್ತಿದ್ದೆ. ನಾಲ್ಕೈದು ಮನೆಯವರು ಸೇರಿ ಹಾಕಿಕೊಂಡರೆ ಇನ್ನೂ ಒಳ್ಳೆಯದು, ಜಾಲ ತಾನೇ ಬೆಳೆಯುತ್ತದೆ.

ಕಡಲಿಗೆ

ದೋಣಿಯವರ ವಿಷಯದಲ್ಲಿ ನಾನು ಹೆಚ್ಚು ಯೋಚನೆ ಮಾಡಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಜನರ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಮಹಾರಾಷ್ಟ್ರದ ಮಾಲ್ವಣ ಕಡೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಸ್ರೋದ ಅಪಾಯ ಸೂಚಕ ಸಾಧನ, ದೋಣಿಯವರು ಡ್ಯಾಟ್ ಅನ್ನುವುದು, 2010ರಿಂದಲೇ ಇದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ ಬರುತ್ತದೆ, ಅಲ್ಲಿಂದ ಕರಾವಳಿ ಕಾವಲು ಪಡೆಗೆ. ಆದರೆ ಹಳೆಯದಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ. ನಮ್ಮ ಪೇಜರಿನ ಉಲ್ಟಾ. ಮುಳುಗುತ್ತಿರುವವನು ಗುಂಡಿ ಒತ್ತುತ್ತಾನೆ, ಯಾರಿಗಾದರೂ ಕೇಳಿಸಿತಾ ಅಂತ ಅವನಿಗೆ ಗೊತ್ತಾಗುವುದಿಲ್ಲ. 2024ರ ಜನವರಿಯಲ್ಲಿ ಇಸ್ರೋ ಹೊರತಂದ ಎರಡನೇ ಪೀಳಿಗೆಯ ಡ್ಯಾಟ್‌ನಲ್ಲಿ ನಾವಿಕ್ ಅನ್ನುವ, ದಾರಿ ತೋರಿಸುವ ನಮ್ಮದೇ ಉಪಗ್ರಹಗಳ ಮೂಲಕ ವಾಪಸ್ ಸುದ್ದಿ ಬರುತ್ತದೆ: ನಿಮ್ಮ ಕರೆ ಸಿಕ್ಕಿದೆ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಚಂಡಮಾರುತದ ಎಚ್ಚರಿಕೆಯನ್ನೂ ಓದಬಹುದು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ದೋಣಿಗಳಿಗೆ ಪುಕ್ಕಟೆಯಾಗಿ ಟ್ರಾನ್ಸ್‌ಪಾಂಡರ್ (ದೋಣಿ ಇರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ ಸಾಧನ) ಕೊಡುವ ಯೋಜನೆಗೂ ಚಾಲನೆ ಕೊಟ್ಟಿದೆ, ಅದರಲ್ಲೂ ಎರಡೂ ಕಡೆಗೆ ಸಂದೇಶ ಹೋಗುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಅಂದೆ.

ಅವರು ಕೇಳಿದ್ದು ಬೇರೆ: "ದುಬೈಯಲ್ಲಿ ಭಾವ ಇದ್ದಾರೆ, ಗಾರ್ಮಿನ್ ಉಪಗ್ರಹ ಮೆಸೆಂಜರ್ ತರಿಸಲಾ?" ಬೇಡವೇ ಬೇಡ. ಸಾಧನ ಒಳ್ಳೆಯದೇ, ಹೊರದೇಶದಲ್ಲಿ ಬೆಟ್ಟ ಹತ್ತುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅನುಮತಿ ಇಲ್ಲದೆ ಉಪಗ್ರಹ ಸಾಧನ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗಳೇ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಉಪಗ್ರಹ ಫೋನೇ ಬೇಕು ಅಂದರೆ ಬಿಎಸ್‌ಎನ್‌ಎಲ್ ಮೂಲಕ ಅನುಮತಿ ಪಡೆದು ತೆಗೆದುಕೊಳ್ಳಿ, ದುಬಾರಿ ಆಗುತ್ತದೆ.

ದುಡ್ಡು ಕೊಡುವ ಮೊದಲು

ಯಾವುದನ್ನೇ ಆರಿಸಿ, ಡೆಮೊ ತೋರಿಸಲು ಬಂದವರನ್ನು ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಬೇಡಿ. ಸಾಧನ ಹಿಡಿದು ನಿಮ್ಮ ಅತಿ ಕೆಟ್ಟ ಜಾಗಕ್ಕೆ ಹೋಗಿ. ಎಕ್ಸ್‌ರೇ ರೂಮು, ಲಿಫ್ಟು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಹಿಂದೆ, ಹಳ್ಳದ ತಗ್ಗು. ಇಪ್ಪತ್ತು ಸಂದೇಶ ಕಳಿಸಲು ಹೇಳಿ. ಸಾಧನಕ್ಕೆ ಎಷ್ಟು ಸಿಕ್ಕಿತು, ಕಳಿಸಿದವರಿಗೆ ಎಷ್ಟು ಉತ್ತರ ಬಂತು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎರಡು ಸಂಖ್ಯೆಗೂ ವ್ಯತ್ಯಾಸ ಜಾಸ್ತಿ ಇದ್ದರೆ ವಾಪಸ್ ದಾರಿ ಸೋರುತ್ತಿದೆ ಅಂತ ಅರ್ಥ.

ಆಮೇಲೆ ಸಾಧನವನ್ನು ಸ್ವಿಚ್ ಆಫ್ ಮಾಡಿ, ಇನ್ನೊಂದು ಸಂದೇಶ ಕಳಿಸಿ ಅನ್ನಿ. ಪರದೆ ನೋಡಿ. "ಹೋಗಿದೆ" ಅಂತ ಬಂದರೆ ಎಲ್ಲಿಗೆ ಹೋಗಿದೆ ಅಂತ ಕೇಳಿ.